ಮೊದಲು ಆಟ ಹೇಳಿ, ಆಮೇಲೆ ಹ್ಯಾಂಡ್‌ಹೆಲ್ಡ್ ಆರಿಸೋಣ

ಚಾಲಿ ಅಡಿಕೆ ಮಾರಿ ಮುಗಿದ ಮೇಲೆ ಅಕ್ಕನ ಮಗ ಶಿರಸಿಯಿಂದ ಕಾರವಾರಕ್ಕೆ ಬಂದ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ಅಪ್ಪ ಈ ವರ್ಷ ₹70,000 ಕೊಡಲು ಒಪ್ಪಿದ್ದರು. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಚೀಲ ಇಟ್ಟವನೇ ಕೇಳಿದ:

"ಮಾವಾ, ಸ್ಟೀಮ್ ಡೆಕ್ ತಗಳವಾ, ಅಲೈ ತಗಳವಾ?"

"ಎಂತಾ ಆಟ ಆಡ್ತೆ, ಅದು ಹೇಳು ಮೊದ್ಲು."

"ವ್ಯಾಲರಂಟ್. ಹಾಸ್ಟೆಲ್ಲಲ್ಲಿ ಎಲ್ಲಾ ಅದೇ ಆಡ್ತ."

"ಹಂಗಾರೆ ಡೆಕ್ ಬಿಡು."

ಅವನ ಮುಖ ಸಪ್ಪಗಾಯಿತು. ಸ್ಟೀಮ್ ಡೆಕ್, ಅಲೈ ಎರಡೂ ಕೈಯಲ್ಲಿ ಹಿಡಿದು ಪಿಸಿ ಆಟ ಆಡುವ ಯಂತ್ರಗಳು, ಅಂದರೆ ಹ್ಯಾಂಡ್‌ಹೆಲ್ಡ್: ಡೆಕ್ ವಾಲ್ವ್ ಕಂಪನಿಯದು, ಅಲೈ ಆಸುಸ್‌ನದು. ವ್ಯಾಲರಂಟ್ ಆನ್‌ಲೈನಿನಲ್ಲಿ ಗುಂಡು ಹೊಡೆದಾಡುವ ಆಟ, ಅಂದರೆ ಶೂಟರ್. ಯಾವ ಯಂತ್ರಕ್ಕೆ ಯಾವ ಚಿಪ್ಪು, ಎಷ್ಟು ಇಂಚಿನ ಪರದೆ, ಬ್ಯಾಟರಿ ಎಷ್ಟು ವ್ಯಾಟ್-ಅವರ್ ಎಂಬುದೆಲ್ಲ ಅವನಿಗೆ ಬಾಯಿಪಾಠ. ತನ್ನ ಆಟ ಆ ಯಂತ್ರದಲ್ಲಿ ತೆರೆಯುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ. ಇದೇ ಪ್ರಶ್ನೆ ಹಿಡಿದುಕೊಂಡು ಅಂಕೋಲಾದಿಂದ, ಕುಮಟಾದಿಂದ, ಇಲ್ಲೇ ನೌಕಾನೆಲೆಯ ಕ್ವಾರ್ಟರ್ಸಿನಿಂದ ಹುಡುಗರು ಬರುತ್ತಾರೆ. ಕೆಲವರು ಕೊಳ್ಳುವ ಮೊದಲು ಬರುತ್ತಾರೆ, ಕೆಲವರು ಕೊಂಡಾದ ಮೇಲೆ. ಎರಡನೆಯವರ ಮುಖ ನೋಡುವುದು ಕಷ್ಟ. ಅದಕ್ಕೇ ಅವನಿಗೆ ಆ ದಿನ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅಡ್ಡ ಬರುವುದು ಚಿಪ್ಪಲ್ಲ

ಕೈಯಲ್ಲಿ ಹಿಡಿಯುವ ಯಂತ್ರ ಸಣ್ಣದು, ಅದಕ್ಕೆ ಶಕ್ತಿ ಸಾಲದು, ಆದ್ದರಿಂದ ದೊಡ್ಡ ಆಟ ಓಡುವುದಿಲ್ಲ ಎಂದೇ ಬಹಳ ಜನ ತಿಳಿದಿದ್ದಾರೆ. ವ್ಯಾಲರಂಟ್‌ನ ಕನಿಷ್ಠ ಅಗತ್ಯದ ಪಟ್ಟಿ ತೆಗೆದು ನೋಡಿ: 4 ಜಿಬಿ ರ‍್ಯಾಮ್, ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್. ಎಚ್‌ಡಿ 4000 ಎಂದರೆ 2012ರ ಸಾದಾ ಲ್ಯಾಪ್‌ಟಾಪಿನಲ್ಲಿ ಬರುತ್ತಿದ್ದದ್ದು. 16 ಜಿಬಿ ರ‍್ಯಾಮ್ ಇರುವ ಸ್ಟೀಮ್ ಡೆಕ್‌ಗೆ ಅದು ಯಾವ ಲೆಕ್ಕ? ಆದರೂ ಡೆಕ್ ಬರುವ ಸ್ಥಿತಿಯಲ್ಲೇ ಅದರ ಮೇಲೆ ವ್ಯಾಲರಂಟ್ ಆಡಲು ಸಾಧ್ಯವಿಲ್ಲ. ಅಡ್ಡ ನಿಂತಿರುವುದು ಮೋಸ ಮಾಡಿ ಆಡುವವರನ್ನು ಹಿಡಿಯಲು ಆಟದ ಜೊತೆ ಬರುವ ಕಾವಲುಗಾರ, ಅಂದರೆ ಆಂಟಿ-ಚೀಟ್.

ನಮ್ಮ ಕಡೆಯ ಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಸಾಧಾರಣ ಪ್ರೋಗ್ರಾಮುಗಳೆಲ್ಲ ಜಗಲಿಯ ಮೇಲೆ ಕೂತ ನೆಂಟರಿದ್ದ ಹಾಗೆ. ಬ್ರೌಸರ್, ಆಟ, ಹಾಡು ಕೇಳಿಸುವ ಆ್ಯಪ್ ಎಲ್ಲ ಅಲ್ಲೇ. ಒಳಗಿನದು ಏನು ಬೇಕಾದರೂ ಯಜಮಾನನನ್ನು ಕೇಳಬೇಕು. ಆ ಯಜಮಾನನೇ ಕರ್ನೆಲ್. ಅಡಿಗೆಮನೆ, ದೇವರಮನೆ, ಅಟ್ಟ, ಎಲ್ಲದರ ಬೀಗದ ಕೈ ಅವನ ಸೊಂಟದಲ್ಲಿ. ಗೋಡೆಯಾಚೆಯ ಶತ್ರುವನ್ನು ತೋರಿಸುವ ವಾಲ್‌ಹ್ಯಾಕ್, ತಾನೇ ಗುರಿ ಹಿಡಿದು ಹೊಡೆಯುವ ಏಮ್‌ಬಾಟ್ ಮೊದಮೊದಲು ಜಗಲಿಯಲ್ಲೇ ಕೂತು ಕಳ್ಳತನ ಮಾಡುತ್ತಿದ್ದವು. ಹಿಡಿಯುವುದು ಸುಲಭವಿತ್ತು. ಆಮೇಲೆ ಕಳ್ಳರು ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶದ, ಅಂದರೆ ಡ್ರೈವರ್‌ನ ವೇಷ ಹಾಕಿ ಅಟ್ಟ ಹತ್ತಿದರು. ಅಟ್ಟದ ಮೇಲೆ ಅಡಗಿದವನು ಜಗಲಿಯ ಕಾವಲುಗಾರನಿಗೆ ಕಾಣುವುದಿಲ್ಲ. ಆಟದ ಕಂಪನಿಗಳು ತಮ್ಮ ಕಾವಲುಗಾರನನ್ನೂ ಅಟ್ಟಕ್ಕೆ ಹತ್ತಿಸಿದ್ದು ಇದೇ ಕಾರಣಕ್ಕೆ. 2020ರಲ್ಲಿ ವ್ಯಾಲರಂಟ್ ಜೊತೆ ಬಂದ ವ್ಯಾನ್‌ಗಾರ್ಡ್ ಅಂಥದ್ದು. ಅದು ವಿಂಡೋಸ್ ಏಳುವಾಗಲೇ ತಾನೂ ಎದ್ದು ಅಟ್ಟದಲ್ಲಿ ಕೂರುತ್ತದೆ. ಕಾಲ್ ಆಫ್ ಡ್ಯೂಟಿಗೆ 2021ರಲ್ಲಿ ಘೋಷಣೆಯಾದ ರಿಕೋಶೆ ಕೂಡ ಕರ್ನೆಲ್ ಮಟ್ಟದ ಡ್ರೈವರ್ ಇಟ್ಟುಕೊಂಡದ್ದೇ.

ಈಗ ಸ್ಟೀಮ್ ಡೆಕ್‌ಗೆ ಬನ್ನಿ. ಅದರ ಮೇಲಿರುವುದು ಸ್ಟೀಮ್‌ಒಎಸ್, ಅಂದರೆ ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಅಲ್ಲಿ ವಿಂಡೋಸ್ ಆಟ ಆಡಿಸುವುದು ಪ್ರೋಟಾನ್ ಎಂಬ ಪದರ. ಅದೊಬ್ಬ ದುಭಾಷಿ. ವಿಂಡೋಸ್ ಭಾಷೆಯಲ್ಲಿ ಆಟ ಕೇಳಿದ್ದನ್ನು ಲಿನಕ್ಸ್ ಯಜಮಾನನಿಗೆ ಅವನ ಭಾಷೆಯಲ್ಲಿ ಮುಟ್ಟಿಸುತ್ತಾನೆ, ಅದೂ ಬಹಳ ಚೆನ್ನಾಗಿ. ಆದರೆ ದುಭಾಷಿಯೂ ಕೂತಿರುವುದು ಜಗಲಿಯಲ್ಲೇ. ಕಾವಲುಗಾರ ಬಂದು "ನನಗೆ ವಿಂಡೋಸ್ ಮನೆಯ ಅಟ್ಟ ತೋರಿಸು" ಎಂದರೆ, ಆ ಅಟ್ಟವೇ ಈ ಮನೆಯಲ್ಲಿಲ್ಲ. ದುಭಾಷಿ ಮಾತನ್ನು ಅನುವಾದ ಮಾಡಬಲ್ಲ, ಇಲ್ಲದ ಅಟ್ಟವನ್ನು ಕಟ್ಟಿಕೊಡಲಾರ.

ಹಾಗಾದರೆ ದಾರಿಯೇ ಇಲ್ಲವೇ ಎಂದರೆ, ಇದೆ. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ, ಈ ಎರಡು ದೊಡ್ಡ ಆಂಟಿ-ಚೀಟ್‌ಗಳೂ 2021ರಲ್ಲೇ ಪ್ರೋಟಾನ್‌ಗೆ ಬೆಂಬಲ ಘೋಷಿಸಿದವು. ಲಿನಕ್ಸ್‌ನಲ್ಲಿ ಅವು ಅಟ್ಟ ಹತ್ತದೆ ಜಗಲಿಯಿಂದಲೇ ಕಾಯುತ್ತವೆ. ಆದರೆ ಅದನ್ನು ತಮ್ಮ ಆಟಕ್ಕೆ ಚಾಲೂ ಮಾಡುವುದು, ಬಿಡುವುದು ಆಟ ಮಾಡಿದ ಕಂಪನಿಗೆ ಬಿಟ್ಟದ್ದು. ಎಲ್ಲ ಗೊಂದಲದ ಮೂಲ ಇಲ್ಲಿದೆ. ಒಂದೇ ಆಂಟಿ-ಚೀಟ್ ಇರುವ ಎರಡು ಆಟಗಳಲ್ಲಿ ಒಂದು ಡೆಕ್ ಮೇಲೆ ಸಲೀಸಾಗಿ ಓಡುತ್ತದೆ, ಇನ್ನೊಂದು ಬಾಗಿಲಲ್ಲೇ ನಿಲ್ಲಿಸುತ್ತದೆ. ಫೋರ್ಟ್‌ನೈಟ್ ಇದಕ್ಕೆ ಸರಿಯಾದ ಉದಾಹರಣೆ. ಈಸಿ ಆಂಟಿ-ಚೀಟ್ ಕೂಡ ಎಪಿಕ್‌ನದೇ, ಫೋರ್ಟ್‌ನೈಟ್ ಕೂಡ ಎಪಿಕ್‌ನದೇ. ಆದರೂ ಡೆಕ್ ಬಿಡುಗಡೆಯಾದ 2022ರ ಫೆಬ್ರುವರಿಯಲ್ಲೇ ಎಪಿಕ್‌ನ ಮುಖ್ಯಸ್ಥ ಟಿಮ್ ಸ್ವೀನಿ ಫೋರ್ಟ್‌ನೈಟ್ ಅಲ್ಲಿಗೆ ಬರುವುದಿಲ್ಲ ಎಂದರು. ಲಿನಕ್ಸ್‌ನಲ್ಲಿ ಬೇಕಾದವರು ಬೇಕಾದ ಹಾಗೆ ಕರ್ನೆಲ್ ತಿದ್ದಿಕೊಳ್ಳಬಹುದು, ಅಷ್ಟು ದೊಡ್ಡ ಆಟದಲ್ಲಿ ಆ ಎಲ್ಲ ಬಗೆಯ ಕರ್ನೆಲ್‌ಗಳ ನಡುವೆ ಮೋಸ ತಡೆಯುವ ಭರವಸೆ ತಮಗಿಲ್ಲ ಎಂಬುದು ಅವರ ವಾದದ ತಿರುಳು.

ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ವಿಂಡೋಸ್‌ನಲ್ಲಿ ಕರ್ನೆಲ್ ಡ್ರೈವರ್‌ಗೆ ಸಹಿ ಬೇಕು. ಸೆಕ್ಯೂರ್ ಬೂಟ್ ಇದ್ದರೆ ಯಂತ್ರ ಏಳುವ ಹೊತ್ತಿನಿಂದಲೇ ಸಹಿ ಪರೀಕ್ಷೆ ನಡೆಯುತ್ತದೆ. ಲಿನಕ್ಸ್‌ನಲ್ಲಿ ಮನೆಯ ಯಜಮಾನನನ್ನೇ ನಾನು ಹೊಸದಾಗಿ ಕಟ್ಟಿ ಕೂರಿಸಬಹುದು. ಆ ಯಜಮಾನ ಆಂಟಿ-ಚೀಟ್‌ಗೆ ಸುಳ್ಳು ಹೇಳಿದರೆ ಕೇಳುವವರಿಲ್ಲ. ಲಿನಕ್ಸ್ ಅನ್ನು ನಾನು ಇಷ್ಟಪಡುವುದು ಈ ಸ್ವಾತಂತ್ರ್ಯಕ್ಕಾಗಿಯೇ. ಅಂಗಡಿಯ ನನ್ನ ಸ್ವಂತ ಕಂಪ್ಯೂಟರ್ ಓಡುವುದೂ ಅದರ ಮೇಲೇ. ಅದೇ ಸ್ವಾತಂತ್ರ್ಯ ಇಲ್ಲಿ ಬಾಗಿಲು ಮುಚ್ಚಿಸಿತಲ್ಲ ಎಂದು ನನಗೆ ನಿಜಕ್ಕೂ ಬೇಸರವಿದೆ.

ಅಟ್ಟಕ್ಕೆ ಹತ್ತಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಇನ್ನೊಂದು ಕಂಪ್ಯೂಟರ್ ಪಕ್ಕದಲ್ಲಿಟ್ಟು, ಒಂದು ಕಾರ್ಡಿನ ಮೂಲಕ ಆಟದ ಮೆಮೊರಿಯನ್ನು ಹೊರಗಿನಿಂದಲೇ ಓದುವ ಡಿಎಂಎ ಮೋಸ ವಿಂಡೋಸ್‌ನಲ್ಲೇ ಬೆಳೆದಿದೆ. ಕರ್ನೆಲ್ ಒಳಗೆ ಒಂದು ತಪ್ಪಾದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ಇಡೀ ಜಗತ್ತು ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು. ಅದು ಆಟದ ಆಂಟಿ-ಚೀಟ್ ಅಲ್ಲ, ಆದರೆ ಕೂತಿದ್ದ ಜಾಗ ಅದೇ ಅಟ್ಟ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು, ಅಪ್ಪನ ಬ್ಯಾಂಕಿನ ಕೆಲಸವೂ ಅದರಲ್ಲೇ ಆಗುವುದಾದರೆ, ಅಟ್ಟದ ಕೀಲಿಯನ್ನು ಆಟದ ಕಂಪನಿಗೆ ಕೊಡುವ ಮೊದಲು ಅಪ್ಪನಿಗೂ ಒಂದು ಮಾತು ಹೇಳಿ.

ಸ್ಟೀಮ್ ಡೆಕ್: ಯಾವುದು ಉಂಟು, ಯಾವುದು ಇಲ್ಲ

ಇಲ್ಲದ್ದನ್ನು ಮೊದಲು ಹೇಳುತ್ತೇನೆ, ಹಣ ಹೋಗುವುದು ಅಲ್ಲೇ. ಸ್ಟೀಮ್‌ಒಎಸ್ ಇರುವ ಡೆಕ್ ಮೇಲೆ ವ್ಯಾಲರಂಟ್ ಇಲ್ಲ, ಫೋರ್ಟ್‌ನೈಟ್ ಇಲ್ಲ, ಕಾಲ್ ಆಫ್ ಡ್ಯೂಟಿ ವಾರ್‌ಝೋನ್ ಇಲ್ಲ, ರೇನ್‌ಬೋ ಸಿಕ್ಸ್ ಸೀಜ್ ಇಲ್ಲ, ಪಬ್‌ಜಿಯ ಪಿಸಿ ಆವೃತ್ತಿ ಇಲ್ಲ, ಡೆಸ್ಟಿನಿ 2 ಇಲ್ಲ. 2025ರ ಅಕ್ಟೋಬರ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಕೂಡ ಇಲ್ಲ. ಅದು ವಿಂಡೋಸ್‌ನಲ್ಲೂ ಸೆಕ್ಯೂರ್ ಬೂಟ್ ಚಾಲೂ ಇಲ್ಲದಿದ್ದರೆ ತೆರೆಯುವುದಿಲ್ಲ.

ಏಪೆಕ್ಸ್ ಲೆಜೆಂಡ್ಸ್‌ನ ಕತೆಯನ್ನು ಮಾತ್ರ ಬೇರೆಯಾಗಿ ಹೇಳಬೇಕು. ಅದು 2022ರಿಂದ ಡೆಕ್ ಮೇಲೆ ಚೆನ್ನಾಗಿಯೇ ಓಡುತ್ತಿತ್ತು. 2024ರ ಅಕ್ಟೋಬರ್ 31ರಂದು ಲಿನಕ್ಸ್ ಬೆಂಬಲ ನಿಲ್ಲಿಸುತ್ತಿದ್ದೇವೆ ಎಂಬ ಪ್ರಕಟಣೆ ಬಂತು, ಅಲ್ಲಿಗೆ ಮುಗಿಯಿತು. ಲಿನಕ್ಸ್ ಕಡೆಯಿಂದ ಬರುವ ಮೋಸ ಹಿಡಿಯುವುದು ಕಷ್ಟವಾಗುತ್ತಿದೆ, ಅಲ್ಲಿರುವ ಆಟಗಾರರ ಸಂಖ್ಯೆಯೂ ಸಣ್ಣದು ಎಂದು ಆಟದ ಕಂಪನಿ ಕಾರಣ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಸೇರಿತು, ಡೆಕ್ ಮೇಲೆ ಅದರ ಆನ್‌ಲೈನ್ ಆಟವೂ ನಿಂತಿತು. ನಾನು ಹುಡುಗರಿಗೆ ಒತ್ತಿ ಹೇಳುವುದು ಇದನ್ನೇ: ಇವತ್ತು ಓಡುತ್ತದೆ ಎಂದರೆ ನಾಳೆಯೂ ಓಡುತ್ತದೆ ಎಂದಲ್ಲ. ಒಂದೇ ಒಂದು ಆಟಕ್ಕಾಗಿ ಯಂತ್ರ ಕೊಳ್ಳುವವರು ಆ ಆಟ ಲಿನಕ್ಸ್ ಬಗ್ಗೆ ಹಿಂದೆ ಹೇಗೆ ನಡೆದುಕೊಂಡಿದೆ ಎಂದು ನೋಡಿಕೊಳ್ಳಬೇಕು.

ಇರುವವೂ ಕಡಿಮೆಯೇನಲ್ಲ. ಕೌಂಟರ್-ಸ್ಟ್ರೈಕ್ 2 ಡೆಕ್ ಮಾಡಿದ ವಾಲ್ವ್‌ನದೇ ಆಟ, ಲಿನಕ್ಸ್‌ಗೆ ನೇರವಾಗಿ ಬರುತ್ತದೆ. ಅದರ ಆಂಟಿ-ಚೀಟ್ ವ್ಯಾಕ್ ಜಗಲಿಯಲ್ಲೇ ಕೂರುವಂಥದ್ದು. ಟೀಮ್ ಫೋರ್ಟ್ರೆಸ್ 2, ಓವರ್‌ವಾಚ್, ಮಾರ್ವೆಲ್ ರೈವಲ್ಸ್, ದಿ ಫೈನಲ್ಸ್, ಹೇಲೋ ಇನ್ಫಿನಿಟ್, ಆರ್ಕ್ ರೇಡರ್ಸ್ ಕೂಡ ಓಡುತ್ತವೆ. ಆದರೆ ಕೌಂಟರ್-ಸ್ಟ್ರೈಕ್ ಗಂಭೀರವಾಗಿ ಆಡುವವರು ಫೇಸ್‌ಇಟ್‌ಗೆ ಹೋಗುತ್ತಾರಲ್ಲ, ಆ ವೇದಿಕೆಗೆ ಅದರದೇ ಕರ್ನೆಲ್ ಆಂಟಿ-ಚೀಟ್ ಬೇಕು, ಅದು ವಿಂಡೋಸ್‌ಗೆ ಮಾತ್ರ. ಆಟ ತೆರೆಯುತ್ತದೆ, ನಿಮ್ಮ ಗೆಳೆಯರು ಆಡುವ ಪಂದ್ಯ ಮಾತ್ರ ತೆರೆಯುವುದಿಲ್ಲ.

ಆಡಲು ಹೇಗೆ ಎನ್ನುವುದು ಬೇರೆ ಮಾತು. ಗಿರಾಕಿಯೊಬ್ಬರ ಡೆಕ್ ಫ್ಯಾನ್ ಸ್ವಚ್ಛ ಮಾಡಿ ಮುಗಿಸಿದ ರಾತ್ರಿ, ಅವರ ಒಪ್ಪಿಗೆ ಕೇಳಿ, ಅದರಲ್ಲಿ ಕೌಂಟರ್-ಸ್ಟ್ರೈಕ್ ಆಡಿ ನೋಡಿದೆ. ಬರೀ ಕಡ್ಡಿಯಲ್ಲಿ, ಅಂದರೆ ಸ್ಟಿಕ್ಕಿನಲ್ಲಿ, ಗುರಿ ಹಿಡಿಯಲು ಹೋದರೆ ಎದುರಿನ ಮೌಸ್ ಆಟಗಾರನ ಮುಂದೆ ಅರ್ಧ ಸೆಕೆಂಡ್ ಹಿಂದೆ ಬೀಳುತ್ತೇನೆ. ಆಮೇಲೆ ಗೈರೋ, ಅಂದರೆ ಯಂತ್ರವನ್ನು ಓರೆ ಮಾಡಿದಂತೆ ಗುರಿ ತಿರುಗಿಸುವ ಸೌಲಭ್ಯ, ಚಾಲೂ ಮಾಡಿದೆ. ಬಲಗಡೆಯ ಟ್ರ್ಯಾಕ್‌ಪ್ಯಾಡ್ ಮೇಲೆ ಹೆಬ್ಬೆರಳು ಇಟ್ಟಾಗ ಮಾತ್ರ ಗೈರೋ ಕೆಲಸ ಮಾಡುವಂತೆ ಹೊಂದಿಸಿ, ದೊಡ್ಡ ತಿರುವಿಗೆ ಹೆಬ್ಬೆರಳು, ಸಣ್ಣ ತಿದ್ದುಪಡಿಗೆ ಮಣಿಕಟ್ಟು, ಹೀಗೆ ಅಭ್ಯಾಸ ಮಾಡಿದ ಮೇಲೆ ಗುರಿ ಒಂದು ಹದಕ್ಕೆ ಬಂತು. ನಾಲ್ಕನೇ ಪಂದ್ಯದ ಹೊತ್ತಿಗೆ, ಬಾಗಿಲ ಸಂದಿಯಲ್ಲಿ ಕಂಡ ತಲೆಗೆ ಮಣಿಕಟ್ಟು ಕೂದಲೆಳೆಯಷ್ಟು ತಿರುಗಿಸಿ ಹೊಡೆದದ್ದು ತಾಗಿದಾಗ ಆದ ಖುಷಿ ನೆನಪಿದೆ. ಗೈರೋ ಕಲಿಯಲು ತಾಳ್ಮೆ ಇರುವವರಿಗೆ ಡೆಕ್ ಸೊಗಸಾದ ಯಂತ್ರ. ಆದರೂ ರ‍್ಯಾಂಕ್ ಏರುವ ಆಸೆ ಇದ್ದರೆ ಮೌಸೇ ಬೇಕು.

ವಿಂಡೋಸ್ ಹ್ಯಾಂಡ್‌ಹೆಲ್ಡ್: ಬಾಗಿಲು ತೆರೆಯುತ್ತದೆ, ಆದರೆ

ಆಸುಸ್ ರಾಗ್ ಅಲೈ, ಲೆನೊವೊ ಲೀಜನ್ ಗೋ, ಎಂಎಸ್‌ಐ ಕ್ಲಾ ವಿಂಡೋಸ್ 11 ಇಟ್ಟುಕೊಂಡು ಬರುತ್ತವೆ. ಅಟ್ಟ ಇದೆ, ಕಾವಲುಗಾರ ಹತ್ತುತ್ತಾನೆ. ಫೋರ್ಟ್‌ನೈಟ್, ಏಪೆಕ್ಸ್, ವಾರ್‌ಝೋನ್, ಬ್ಯಾಟಲ್‌ಫೀಲ್ಡ್ 6 ಎಲ್ಲವೂ ತೆರೆಯುತ್ತವೆ. ಇವೆಲ್ಲ ಕಂಟ್ರೋಲರ್‌ನಲ್ಲಿ ಆಡಲೆಂದೇ ಹೊಂದಿಸಿದ ಆಟಗಳು, ಕೈಯಲ್ಲಿ ಹಿಡಿದು ಆಡಿದರೆ ಸುಖವಾಗಿಯೇ ಇರುತ್ತದೆ. ಅಲೈ 2023ರ ಜುಲೈನಲ್ಲಿ ₹69,990ಕ್ಕೆ ಭಾರತಕ್ಕೆ ಅಧಿಕೃತವಾಗಿ ಬಂತು. ಡೆಕ್ ಅನ್ನು ವಾಲ್ವ್ ಇಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ನಮ್ಮ ಊರಿಗೆ ಬಂದವು ದುಬೈಯಿಂದಲೋ ಅಮೆರಿಕದಿಂದಲೋ ನೆಂಟರ ಚೀಲದಲ್ಲಿ ಬಂದವು, ಇಲ್ಲವೇ ಆಮದು ಮಾಡಿ ಮಾರುವವರಿಂದ ಬಂದವು.

ವ್ಯಾಲರಂಟ್ ಬೇಕು ಎನ್ನುವವರು ಇಲ್ಲೇ ಎಡವುವುದು. ಅಕ್ಕನ ಮಗ "ಹಂಗಾರೆ ಅಲೈಯೇ ಸೈ" ಎಂದು ಎದ್ದುಬಿಟ್ಟಿದ್ದ. ಕೂರಿಸಿದೆ. ಅಂಗಡಿಯಲ್ಲಿ ಒಂದು ವಿಂಡೋಸ್ ಹ್ಯಾಂಡ್‌ಹೆಲ್ಡ್ ಇತ್ತು, ನನ್ನದೇ. ವ್ಯಾಲರಂಟ್ ಇಳಿಸಿಕೊಂಡು ಅವನ ಕೈಗೆ ಕೊಟ್ಟೆ. ವ್ಯಾನ್‌ಗಾರ್ಡ್ ಎದ್ದಿತು, ಆಟ ತೆರೆಯಿತು, ಅವನ ಕಣ್ಣು ಅರಳಿತು. ಅಭ್ಯಾಸದ ಮೈದಾನಕ್ಕೆ ಹೋಗಿ ಸ್ಟಿಕ್ ತಿರುಗಿಸಿದ. ಏನೂ ಆಗಲಿಲ್ಲ. ಬಟನ್ ಒತ್ತಿದ, ಏನೂ ಆಗಲಿಲ್ಲ. ಪಿಸಿಯ ವ್ಯಾಲರಂಟ್‌ಗೆ ಕಂಟ್ರೋಲರ್ ಬೆಂಬಲವೇ ಇಲ್ಲ. 2024ರಲ್ಲಿ ಪಿಎಸ್5, ಎಕ್ಸ್‌ಬಾಕ್ಸ್‌ಗೆ ಬಂದದ್ದು ಬೇರೆ ಆವೃತ್ತಿ, ಆ ಆಟಗಾರರನ್ನು ಪಿಸಿಯವರ ಜೊತೆ ಬೆರೆಸುವುದೂ ಇಲ್ಲ.

ಯುಎಸ್‌ಬಿ-ಸಿ ಹಬ್ ಕೊಟ್ಟೆ. ಕೀಬೋರ್ಡ್ ಸಿಕ್ಕಿಸಿದ, ಮೌಸ್ ಸಿಕ್ಕಿಸಿದ. ಯಂತ್ರವನ್ನು ಮೇಜಿನ ಮೇಲೆ ಒಂದು ಸೋಲ್ಡರಿಂಗ್ ಸ್ಟ್ಯಾಂಡಿಗೆ ಒರಗಿಸಿದ. ಏಳು ಇಂಚಿನ ಪರದೆಯಲ್ಲಿ ಮೂಲೆಯ ಮ್ಯಾಪ್ ನೋಡಲು ಮುಖ ಹತ್ತಿರ ತಂದ, ಮುಖ ಹತ್ತಿರ ತಂದರೆ ಕೈಗೆ ಕೀಬೋರ್ಡ್ ಸಿಗುವುದಿಲ್ಲ. ಹತ್ತು ನಿಮಿಷಕ್ಕೆ ಕತ್ತು ಹಿಡಿಯಿತು. ಅಂಗಡಿಯ 24 ಇಂಚಿನ ಮಾನಿಟರಿಗೆ ಎಚ್‌ಡಿಎಂಐ ಹಾಕಿದ ಮೇಲೆ ಆರಾಮಾಗಿ ಒಂದು ಪಂದ್ಯ ಆಡಿದ, ಗೆದ್ದ ಕೂಡ. ಆಮೇಲೆ ಹಬ್, ವೈರು, ಮಾನಿಟರ್ ಎಲ್ಲ ಒಮ್ಮೆ ನೋಡಿ ಹೇಳಿದ:

"ಮಾವಾ, ಇಷ್ಟೆಲ್ಲಾ ಬೇಕು ಹೇಳಾದ್ರೆ ಲ್ಯಾಪ್‌ಟಾಪೇ ಆತಲಾ?"

ಅದೇ. ವ್ಯಾಲರಂಟ್ ಮುಖ್ಯ ಆಟವಾಗಿದ್ದರೆ ಯಾವ ಹ್ಯಾಂಡ್‌ಹೆಲ್ಡೂ ಬೇಡ. ಅದೇ ಹಣಕ್ಕೆ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಸಿಗುತ್ತದೆ, ಕಾಲೇಜಿನ ಪ್ರಾಜೆಕ್ಟೂ ಅದರಲ್ಲೇ ಆಗುತ್ತದೆ. ಹಳೆಯ ಡೆಸ್ಕ್‌ಟಾಪ್ ಮನೆಯಲ್ಲಿದ್ದರೆ ಒಂದು ಒಳ್ಳೆಯ ಮಾನಿಟರ್, ಮೌಸ್ ಹಾಕಿದರೂ ಸಾಕು.

ವಿಂಡೋಸ್ ಹ್ಯಾಂಡ್‌ಹೆಲ್ಡ್ ಕೊಳ್ಳುವವರಿಗೆ ಇನ್ನೊಂದು ಎಚ್ಚರ. ಲೀಜನ್ ಗೋ ಎಸ್ ಎಂಬ ಒಂದೇ ಹೆಸರಿನ, ಒಂದೇ ಮೈಯ ಯಂತ್ರ ವಿಂಡೋಸ್‌ನಲ್ಲೂ ಬರುತ್ತದೆ, 2025ರಿಂದ ಸ್ಟೀಮ್‌ಒಎಸ್‌ನಲ್ಲೂ ಬರುತ್ತದೆ. ಬ್ಯಾಟರಿ, ನಿದ್ದೆಯಿಂದ ಏಳುವ ವೇಗ, ಒಟ್ಟು ಬಳಕೆಯ ಸುಖ ನೋಡಿದರೆ ನನ್ನ ಮತ ಸ್ಟೀಮ್‌ಒಎಸ್‌ಗೇ. ಆದರೆ ವಾರ್‌ಝೋನ್ ಆಡುವವನು ಡಬ್ಬಿಯ ಮೇಲಿನ ಅಕ್ಷರ ಓದದೆ ಅದನ್ನು ತಂದರೆ ಡೆಕ್ ತಂದವನ ಪಾಡೇ ಅವನಿಗೂ. ವಿಂಡೋಸ್ ಯಂತ್ರ ತಂದು, ವೇಗ ಹೆಚ್ಚುತ್ತದೆಂದು ಯಾರೋ ಹೇಳಿದ್ದಕ್ಕೆ ಅದನ್ನು ಒರೆಸಿ ಲಿನಕ್ಸ್ ಹಾಕಿಕೊಂಡವರಿಗೂ ಇದೇ ಮಾತು.

ತಿರುಗಿಸಿ ಕೇಳುವವರೂ ಇದ್ದಾರೆ: ಡೆಕ್ ಮೇಲೇ ವಿಂಡೋಸ್ ಹಾಕಿದರೆ? ಹಾಕಬಹುದು, ವಾಲ್ವ್ ಡ್ರೈವರ್‌ಗಳನ್ನೂ ಕೊಟ್ಟಿದೆ. ಆದರೆ ಡೆಕ್‌ನಲ್ಲಿ ಸೆಕ್ಯೂರ್ ಬೂಟ್ ಮೊದಲೇ ಸಿದ್ಧವಾಗಿ ಬರುವುದಿಲ್ಲ, ಅದನ್ನು ಕೇಳುವ ಆಟಗಳು ಅಲ್ಲಿಯೂ ತಡೆಯುತ್ತವೆ. ಆಂಟಿ-ಚೀಟ್ ಕಣ್ಣಿಗೆ ಮಣ್ಣೆರಚಿ ಒಳಗೆ ಹೋಗುವ ಉಪಾಯಗಳನ್ನಂತೂ ಮಾಡಲೇಬೇಡಿ. ಡೆಸ್ಟಿನಿ 2 ಮಾಡುವ ಬಂಜಿ, ಡೆಕ್ ಮೇಲೆ ಹಾಗೆ ಪ್ರಯತ್ನಿಸಿದವರ ಖಾತೆ ಬ್ಯಾನ್ ಆಗುತ್ತದೆ ಎಂದು ನೇರವಾಗಿಯೇ ಹೇಳಿತ್ತು. ಮೂರು ವರ್ಷ ಕೂಡಿಟ್ಟ ಸ್ಕಿನ್ನು, ರ‍್ಯಾಂಕು ಒಂದು ರಾತ್ರಿಯಲ್ಲಿ ಹೋಗುತ್ತದೆ.

ಸ್ವಿಚ್ 2, ಮತ್ತೆ ಮೊಬೈಲ್

ನಿಂಟೆಂಡೊ ಸ್ವಿಚ್‌ನಲ್ಲಿ ಅಟ್ಟದ ಜಗಳವೇ ಇಲ್ಲ. ಇಡೀ ಮನೆಗೆ ನಿಂಟೆಂಡೊದ್ದೇ ಬೀಗ, ಹೊರಗಿನ ಪ್ರೋಗ್ರಾಂ ಒಳಗೆ ಬರುವುದೇ ಕಷ್ಟ. ಆದರೆ ಕಂಪನಿ ತನ್ನ ಆಟವನ್ನು ಅದಕ್ಕೆಂದೇ ಬೇರೆಯಾಗಿ ಮಾಡಿಕೊಡಬೇಕು. ಫೋರ್ಟ್‌ನೈಟ್ ಮಾಡಿಕೊಟ್ಟಿದೆ. ಏಪೆಕ್ಸ್ ಹಳೆಯ ಸ್ವಿಚ್‌ಗೆ 2021ರಲ್ಲಿ ಬಂದಾಗ ಸೆಕೆಂಡಿಗೆ 30 ಫ್ರೇಮ್ ಮಾತ್ರ ಇತ್ತು, 2025ರಲ್ಲಿ ಸ್ವಿಚ್ 2ಕ್ಕೆ ಬಂದದ್ದು 60 ಫ್ರೇಮ್‌ನದು. ಶೂಟರ್‌ನಲ್ಲಿ ಆ ವ್ಯತ್ಯಾಸ ದೊಡ್ಡದು. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ ಅಲ್ಲಿಗೆ ಬಂದಿಲ್ಲ. ಫೋರ್ಟ್‌ನೈಟ್, ಏಪೆಕ್ಸ್ ಎರಡೇ ಸಾಕು, ಜೊತೆಗೆ ತಂಗಿ ಮಾರಿಯೊ ಆಡುತ್ತಾಳೆ ಎನ್ನುವ ಮನೆಗೆ ಇದು ಒಳ್ಳೆಯ ಆಯ್ಕೆ. ಒಬ್ಬನೇ ಶೂಟರ್ ಆಟಗಾರನಿಗೆ ನಾನು ಹೇಳುವುದಿಲ್ಲ.

ಬಿಜಿಎಂಐ, ಅಂದರೆ ಪಬ್‌ಜಿ ಮೊಬೈಲ್‌ನ ಭಾರತದ ಆವೃತ್ತಿ, ಆಡುವವರಿಗೆ ಕೈಯಲ್ಲಿರುವ ಫೋನೇ ಹ್ಯಾಂಡ್‌ಹೆಲ್ಡ್. ಅದಕ್ಕಾಗಿ ಬೇರೆ ಯಂತ್ರ ಬೇಡ.

ಕರಾವಳಿ ಗಾಳಿ, ಮಲೆನಾಡಿನ ಮಳೆ

ಆಟ ಯಾವುದೆಂದು ಖಚಿತವಾದ ಮೇಲೆ ನಮ್ಮ ಜಿಲ್ಲೆಯ ಲೆಕ್ಕ ಹಾಕಬೇಕು. ಶೂಟರ್ ಆಟ ಬ್ಯಾಟರಿ ತಿನ್ನುತ್ತದೆ. 2023ರ ಅಲೈಯಲ್ಲಿರುವುದು 40 ವ್ಯಾಟ್-ಅವರ್. ಚಿಪ್ಪಿಗೆ 25 ವ್ಯಾಟ್ ಬಿಟ್ಟರೆ ಪರದೆ, ವೈಫೈ ಸೇರಿ 30 ದಾಟುತ್ತದೆ, ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಬರುತ್ತದೆ, ಅಷ್ಟೇ. 2024ರ ಅಲೈ ಎಕ್ಸ್‌ಗೆ 80 ವ್ಯಾಟ್-ಅವರ್ ಹಾಕಿದ್ದಾರೆ. ಓಎಲ್‌ಇಡಿ ಡೆಕ್‌ನದು 50, ಆದರೆ ಅದರ ಚಿಪ್ಪು 15 ವ್ಯಾಟ್ ದಾಟುವುದಿಲ್ಲ. ಆಷಾಢದಲ್ಲಿ ಮರ ಬಿದ್ದು ಮಧ್ಯಾಹ್ನ ಹೋದ ಕರೆಂಟು ರಾತ್ರಿ ಬರುವ ಊರುಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಕರೆಂಟು ಹೋದಾಗ ರೌಟರ್ ಕೂಡ ಹೋಗುತ್ತದೆ, ಆನ್‌ಲೈನ್ ಶೂಟರ್ ಅಲ್ಲಿಗೇ ನಿಂತಿತು. ರೌಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿಸಿಕೊಳ್ಳಿ, ಬೆಲೆಗಿಂತ ಹೆಚ್ಚಿನ ಉಪಕಾರ ಅದರಿಂದ.

ಬಸ್ಸಿನಲ್ಲಿ ಆಡುತ್ತೇನೆ ಎಂಬ ಆಸೆಯನ್ನೂ ಬದಿಗಿಡಿ. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಸಿಗ್ನಲ್ ಹೋದ ಕ್ಷಣಕ್ಕೆ ಪಂದ್ಯದಿಂದ ಹೊರಬೀಳುತ್ತೀರಿ. ಪಂದ್ಯ ನಡುವೆ ಬಿಟ್ಟವರಿಗೆ ರ‍್ಯಾಂಕ್ ಆಟಗಳಲ್ಲಿ ದಂಡ ಇದೆ. ಘಟ್ಟದಲ್ಲಿ ಒಬ್ಬರೇ ಆಡುವ ಕತೆಯಾಟ ಆಡಿ. ಅದಕ್ಕೆ ಡೆಕ್‌ನಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ: ಬಟನ್ ಒತ್ತಿ ಮಲಗಿಸಿ, ಯಲ್ಲಾಪುರದಲ್ಲಿ ಚಾ ಕುಡಿದು ಬಂದು ಮತ್ತೆ ಒತ್ತಿದರೆ ನಿಲ್ಲಿಸಿದ ಜಾಗದಿಂದಲೇ ಆಟ ಏಳುತ್ತದೆ.

ಕಾರವಾರದ ಉಪ್ಪು ಗಾಳಿಯ ಬಗ್ಗೆ ನಾನು ಹೇಳದಿದ್ದರೆ ಯಾರೂ ಹೇಳುವುದಿಲ್ಲ. ಕಡಲ ಬದಿಯ ಮನೆಗಳಿಂದ ಬರುವ ಯಂತ್ರಗಳಲ್ಲಿ ಚಾರ್ಜಿಂಗ್ ತೂತಿನ ಪಿನ್ನಿಗೆ ಹಸಿರು ಹಿಡಿದಿರುತ್ತದೆ. ಫ್ಯಾನ್ ಹೊರಗಿನ ಗಾಳಿ ಎಳೆದುಕೊಳ್ಳುವ ಯಂತ್ರವಾದ್ದರಿಂದ ಒಳಗೂ ತೇವ ಹೋಗುತ್ತದೆ. ಆಡಿ ಮುಗಿದ ಮೇಲೆ ಕಿಟಕಿಯ ಮೇಲಿಡದೆ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೆಂಟರು ತಂದ ಡೆಕ್‌ಗೆ ಇಲ್ಲಿ ಕಂಪನಿಯ ಸರ್ವಿಸ್ ಇಲ್ಲ. ಸ್ಟಿಕ್ ಬದಲಿಸುವುದು ನನ್ನಂಥವರಿಗೆ ಆಗುವ ಕೆಲಸವೇ, ಆದರೆ ಬಿಡಿಭಾಗ ತರಿಸಲು ವಾರಗಳು ಹಿಡಿಯುತ್ತವೆ. ಮದರ್‌ಬೋರ್ಡ್ ಹೋದರೆ ನಾನು ಕೈಚೆಲ್ಲಬೇಕಾಗುತ್ತದೆ.

ದುಡ್ಡು ಎಣಿಸುವ ಮೊದಲು

ಕಾಗದದ ಮೇಲೆ ನೀವು ಬಿಡಲಾರದ ಮೂರು ಆಟ ಬರೆಯಿರಿ. ಒಂದೊಂದನ್ನೂ ವಾಲ್ವ್‌ನ ಆನ್‌ಲೈನ್ ಆಟದ ಅಂಗಡಿಯಾದ ಸ್ಟೀಮ್‌ನ ಪುಟದಲ್ಲಿ ತೆರೆಯಿರಿ. ಅಲ್ಲಿ ಡೆಕ್‌ಗೆ ವೆರಿಫೈಡ್, ಪ್ಲೇಯಬಲ್, ಅನ್‌ಸಪೋರ್ಟೆಡ್ ಎಂಬ ಗುರುತು ಇರುತ್ತದೆ. 2024ರ ಕೊನೆಯಿಂದ ಕರ್ನೆಲ್ ಮಟ್ಟದ ಆಂಟಿ-ಚೀಟ್ ಇರುವ ಆಟ ಅದನ್ನು ಪುಟದಲ್ಲೇ ಹೇಳಬೇಕು ಎಂದು ವಾಲ್ವ್ ಕಡ್ಡಾಯ ಮಾಡಿದೆ. ಬಲಬದಿಯ ಪಟ್ಟಿಯಲ್ಲಿ ಕಣ್ಣಾಡಿಸಿ. ಸ್ಟೀಮ್‌ನಲ್ಲಿ ಇಲ್ಲದ ಆಟಕ್ಕೆ 'ಆರ್ ವಿ ಆಂಟಿ-ಚೀಟ್ ಯೆಟ್' ಎಂಬ ಜಾಲತಾಣದಲ್ಲಿ ಹುಡುಕಿ, ಲಿನಕ್ಸ್‌ನಲ್ಲಿ ಯಾವುದು ಓಡುತ್ತದೆ, ಯಾವುದನ್ನು ಕಂಪನಿಯೇ ನಿರಾಕರಿಸಿದೆ ಎಂಬುದು ಅಲ್ಲಿದೆ. ಪ್ರೋಟಾನ್‌ಡಿಬಿಯಲ್ಲಿ ಆಡಿದವರೇ ಬರೆದ ಅನುಭವ ಸಿಗುತ್ತದೆ. ಇತ್ತೀಚಿನ ಎರಡು ತಿಂಗಳದ್ದನ್ನು ಮಾತ್ರ ನಂಬಿ.

ವಿಂಡೋಸ್ ಯಂತ್ರವಾದರೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಆದರೆ, ಮಾರುವವರ ಎದುರೇ ಸ್ಟಾರ್ಟ್ ಒತ್ತಿ ಎಂಎಸ್‌ಇನ್ಫೋ32 (msinfo32) ಎಂದು ಟೈಪ್ ಮಾಡಿ. ತೆರೆದ ಪಟ್ಟಿಯಲ್ಲಿ ಸೆಕ್ಯೂರ್ ಬೂಟ್ ಸ್ಟೇಟ್ ಎಂಬ ಸಾಲಿನ ಮುಂದೆ 'ಆನ್' ಇರಬೇಕು. 'ಆಫ್' ಇದ್ದರೆ ಅಲೈಯಲ್ಲಿ ವಾಲ್ಯೂಮ್ ಕಡಿಮೆ ಮಾಡುವ ಬಟನ್ ಹಿಡಿದು ಪವರ್ ಒತ್ತಿದರೆ ಬಯೋಸ್ ತೆರೆಯುತ್ತದೆ, ಅಲ್ಲಿ ಚಾಲೂ ಮಾಡಿ ತೋರಿಸಲು ಹೇಳಿ. ಹಾಗೆಯೇ ಟಿಪಿಎಂ ಎಂಬ ಭದ್ರತಾ ಭಾಗದ ಆವೃತ್ತಿ 2.0 ಇದೆಯೇ ನೋಡಿ. ವಿಂಡೋಸ್ 11ರಲ್ಲಿ ವ್ಯಾನ್‌ಗಾರ್ಡ್ ಇವೆರಡನ್ನೂ ಕೇಳುತ್ತದೆ.

ಆಟ ಕೊಂಡ ಮೇಲೆ ತೆರೆಯದಿದ್ದರೆ ಸ್ಟೀಮ್‌ನಲ್ಲಿ 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆದ್ದರಿಂದ ಯಂತ್ರ ಕೈಗೆ ಬಂದ ಮೊದಲ ವಾರವೇ ಆ ಮೂರೂ ಆಟಗಳನ್ನು ಇಳಿಸಿ, ಒಂದೊಂದರಲ್ಲೂ ಒಂದು ಪೂರ್ತಿ ಆನ್‌ಲೈನ್ ಪಂದ್ಯ ಆಡಿ ನೋಡಿ. ಮೆನು ತೆರೆದರೆ ಸಾಲದು. ಕೆಲವು ಆಂಟಿ-ಚೀಟ್ ಹೊರಗೆ ಹಾಕುವುದು ಪಂದ್ಯ ಶುರುವಾದ ಮೇಲೆ.